ತವಜ್ಜೊ, ಪ್ರಾಣಾಹುತಿ, ವಿಶ್ರಾಂತಿ

ಹೈದರಾಬಾದಿನಿಂದ ಬೆಂಗಳೂರಿನ ಹೆದ್ದಾರಿ ಹಿಡಿದು ಹೊರಟರೆ, ರಂಗಾರೆಡ್ಡಿ ಜಿಲ್ಲೆಯಲ್ಲೇ ಕಾನ್ಹಾ ಶಾಂತಿವನ ಸಿಗುತ್ತದೆ. 2020ರ ಜನವರಿಯಲ್ಲಿ ತೆರೆದ ಅಲ್ಲಿಯ ಧ್ಯಾನಮಂದಿರದಲ್ಲಿ ಒಂದು ಲಕ್ಷ ಜನ ಒಟ್ಟಿಗೆ ಕೂರಬಹುದು. ಹಾರ್ಟ್‌ಫುಲ್‌ನೆಸ್ ಎಂಬ ಹೆಸರಿನ ಈ ಪದ್ಧತಿಯಲ್ಲಿ ಹೊಸಬರಿಗೆ ಮೊದಲು ಹೇಳಿಕೊಡುವುದು ಮೈ ಸಡಿಲಿಸುವುದನ್ನು. ಕಣ್ಣು ಮುಚ್ಚಿ ಕೂತು, ಭೂಮಿಯ ಶಕ್ತಿ ಪಾದದೊಳಕ್ಕೆ ಬಂದು, ಮೊಣಕಾಲು, ಸೊಂಟ, ಬೆನ್ನು ಹಾದು ತಲೆಯವರೆಗೆ ಏರುತ್ತಿದೆ ಎಂದು ಭಾವಿಸಬೇಕು. ಶುಲ್ಕವಿಲ್ಲ.

ಆಮೇಲಿನದು ಪ್ರಾಣಾಹುತಿ. ಎದುರಿಗೆ ಕೂತ ತರಬೇತುದಾರ ಮುಟ್ಟದೆ, ಮಾತಾಡದೆ, ಸಂಕಲ್ಪದಿಂದಲೇ ಪ್ರಾಣಶಕ್ತಿಯನ್ನು ಕಲಿಯುವವರ ಹೃದಯಕ್ಕೆ ಹರಿಸುತ್ತಾರೆ ಎಂಬ ನಂಬಿಕೆ. ಕನ್ನಡದವರ ಕಿವಿಗೆ ಈ ಪದ ಸ್ವಲ್ಪ ಇರುಸುಮುರುಸು. ನಮ್ಮಲ್ಲಿ ಪ್ರಾಣಾಹುತಿ ಎಂದರೆ ಒಂದೋ ಊಟಕ್ಕೆ ಮೊದಲು ಪಂಚಪ್ರಾಣಗಳಿಗೆ ಅರ್ಪಿಸುವ ತುತ್ತು, ಇಲ್ಲವೇ ಜೀವವನ್ನೇ ಕೊಡುವುದು. ಒಬ್ಬರಿಂದ ಒಬ್ಬರಿಗೆ ದಾಟಿಸುವ ಅರ್ಥ ಬೇರೆ ಕಡೆಯಿಂದ ಬಂದದ್ದು.

ಆ ಕಡೆ ಯಾವುದೆಂದು ಹುಡುಕಿದರೆ ಉತ್ತರಪ್ರದೇಶದ ಫತೇಗಢಕ್ಕೆ ಹೋಗಬೇಕು. ಅಲ್ಲಿ ಕಲೆಕ್ಟರ್ ಕಚೇರಿಯ ನೌಕರಿಯಲ್ಲಿದ್ದ ಕಾಯಸ್ಥ ರಾಮಚಂದ್ರ (1873–1931), ಅನುಯಾಯಿಗಳ ಬಾಯಲ್ಲಿ ಲಾಲಾಜಿ. ಅವರ ಗುರು ಫಜ್ಲ್ ಅಹಮದ್ ಖಾನ್, ನಕ್ಷಬಂದಿ ಪರಂಪರೆಯ ಸೂಫಿ. ಶಿಷ್ಯ ಮತ ಬದಲಿಸಬೇಕೆಂದು ಗುರು ಬಯಸಲಿಲ್ಲ. ಹಿಂದೂವಾಗಿಯೇ ಉಳಿದು ಕಲಿಸಲು ಅನುಮತಿ ಕೊಟ್ಟರು. ಒಂದು ಸೂಫಿ ಪರಂಪರೆ ಹಾಗೆ ಕವಲೊಡೆದದ್ದು ಸಣ್ಣ ಸಂಗತಿಯಲ್ಲ.

ನಕ್ಷಬಂದಿಗಳದು ಮೌನದ ದಾರಿ. ಅವರ ಧ್ಯಾನ ಶುರುವಾಗುವುದೇ ಹೃದಯದಿಂದ. ಗುರು ತನ್ನ ಚಿತ್ತವನ್ನು ಶಿಷ್ಯನ ಹೃದಯದ ಮೇಲೆ ನಿಲ್ಲಿಸುವ ಕ್ರಿಯೆಗೆ ತವಜ್ಜುಹ್ ಎನ್ನುತ್ತಾರೆ. ಅರಬ್ಬಿಯಲ್ಲಿ ವಜ್ಹ್ ಎಂದರೆ ಮುಖ. ಮುಖವನ್ನು ಅತ್ತ ತಿರುಗಿಸುವುದೇ ತವಜ್ಜುಹ್. ಉರ್ದುವಿನಲ್ಲಿ ಇದೇ ತವಜ್ಜೊ, ದಿನಬಳಕೆಯಲ್ಲಿ ಬರೀ ಗಮನ.

ಲಾಲಾಜಿಯವರ ನಂತರ ಅದೇ ಹೆಸರಿನ ಶಹಜಹಾನ್‌ಪುರದ ರಾಮಚಂದ್ರ (1899–1983), ನ್ಯಾಯಾಲಯದ ಗುಮಾಸ್ತ, 1945ರಲ್ಲಿ ಶ್ರೀ ರಾಮಚಂದ್ರ ಮಿಷನ್ ಕಟ್ಟಿದರು. ಅವರ ಬರಹದಲ್ಲಿ ಈ ರಾಜಯೋಗದ ಮೂಲ ದಶರಥನಿಗಿಂತ 72 ತಲೆಮಾರು ಹಿಂದಿನ ಋಷಿಯೊಬ್ಬರದು. ಪದಗಳು ಸಂಸ್ಕೃತಕ್ಕೆ ತಿರುಗಿದವು, ನಿಜ. ಆದರೆ ಮೈಯ ನಕ್ಷೆ ತಿರುಗಲಿಲ್ಲ. ನಕ್ಷಬಂದಿಗಳ ಲತೀಫಾಗಳಲ್ಲಿ, ಅಂದರೆ ಸೂಕ್ಷ್ಮ ಕೇಂದ್ರಗಳಲ್ಲಿ, ಎದೆಯ ಎಡಕ್ಕೆ ಕಲ್ಬ್, ಬಲಕ್ಕೆ ರೂಹ್. ಮಿಷನ್ನಿನ ಸಹಜಮಾರ್ಗದಲ್ಲಿ ಎಡಕ್ಕೆ ಹೃದಯಬಿಂದು, ಬಲಕ್ಕೆ ಆತ್ಮಬಿಂದು. ಕಲ್ಬ್ ಎಂದರೆ ಹೃದಯ, ರೂಹ್ ಎಂದರೆ ಆತ್ಮ. ಹಠಯೋಗದ ಚಕ್ರಗಳಾದರೆ ಬೆನ್ನುಹುರಿಯ ಗುಂಟ ನೆಟ್ಟಗೆ ಮೇಲೇರುತ್ತವೆ, ಎಡಬಲದ ಈ ಜೋಡಿ ಅಲ್ಲಿಲ್ಲ. ಋಷಿಯ ಕತೆಗಿಂತ ಈ ಎಡಬಲದ ಸಾಕ್ಷಿಯೇ ಗಟ್ಟಿ.

ಹಾಗಾಗಿ 2014ರಿಂದ ಮಿಷನ್ನಿನ ನೇತೃತ್ವ ವಹಿಸಿರುವ, ಔಷಧಶಾಸ್ತ್ರ ಓದಿದ ಕಮಲೇಶ್ ಪಟೇಲರ ಕಾಲದಲ್ಲಿ ಕಾನ್ಹಾ ಎದ್ದಾಗ, ದಖ್ಖನ್ನಿಗೆ ಬಂದದ್ದು ಪೂರಾ ಹೊಸದೇನಲ್ಲ. ಔರಂಗಜೇಬನ ಕಾಲದಲ್ಲೇ ನಕ್ಷಬಂದಿಗಳು ಔರಂಗಾಬಾದಿನಲ್ಲಿ ನೆಲೆ ನಿಂತಿದ್ದರು. ಪನ್‌ಚಕ್ಕಿ ನೋಡಹೋದವರು ಬಾಬಾ ಶಾ ಮುಸಾಫಿರರ ಸಮಾಧಿಯನ್ನೂ ನೋಡಿರುತ್ತಾರೆ. ಹೈದರಾಬಾದಿನಲ್ಲೇ 1964ರವರೆಗೆ ಬದುಕಿದ್ದ ಅಬ್ದುಲ್ಲಾ ಶಾ ಅದೇ ಪಂಥದವರು.

ಈಗ ಇದೆಲ್ಲ ಒತ್ತಡ, ನಿದ್ದೆ, ನೆಮ್ಮದಿಯ ಭಾಷೆಗೆ ಮತ್ತೊಮ್ಮೆ ಅನುವಾದವಾಗಿದೆ. ಸುಮ್ಮನೆ ಕೂತು ಉಸಿರು ನಿಧಾನಿಸಿ ಸ್ನಾಯು ಸಡಿಲಿಸಿದರೆ ಎದೆಬಡಿತ ಇಳಿಯುತ್ತದೆ, ಮನಸ್ಸು ಹಗುರಾಗುತ್ತದೆ. ಅದಕ್ಕೆ ಯಾವ ಪಂಥದ ಸಾಕ್ಷಿಯೂ ಬೇಡ. ಎದುರಿಗೆ ಕೂತವರಿಂದ ಏನೋ ಹರಿದುಬಂತು ಎನ್ನುವುದು ಬೇರೆ ಮಾತು, ಅದನ್ನು ಅಳೆಯುವ ಉಪಕರಣ ಯಾರಲ್ಲೂ ಇಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆ ನುಂಗುವವರು ಇದಕ್ಕಾಗಿ ಮಾತ್ರೆ ಬಿಟ್ಟರೆ ಕೆಡುಕು. ಸೂಫಿಗಳಿಗಾದರೆ ತವಜ್ಜುಹ್ ಬರೀ ನೆಮ್ಮದಿಯ ಉಪಾಯವಾಗಿರಲಿಲ್ಲ. ಅದು ದೇವರ ಕಡೆ ಮುಖ ತಿರುಗಿಸುವ ಕೆಲಸವಾಗಿತ್ತು.