ಕಾಂಗ್ರೆಸ್ ಕಸದ ತುರಿಕೆ: ಡಂಗುರ ಸಾರುವವರು ಯಾರು?

ಸತ್ತಿಯಂಥ ಕೃಷ್ಣಾ ತೀರದ ಊರುಗಳಲ್ಲಿ ಕಬ್ಬಿನ ಬದುವಿಗೆ, ರಸ್ತೆ ಬದಿಗೆ ಬೆಳೆಯುವ ಬಿಳಿ ಹೂವಿನ ಗಿಡಕ್ಕೆ ನಾವು ಕಾಂಗ್ರೆಸ್ ಕಸ ಅನ್ನುತ್ತೇವೆ. ಗಡಿಯಾಚೆ ಮರಾಠಿಯವರು ಗಾಜರ ಗವತ ಅನ್ನುತ್ತಾರೆ. ಪುಸ್ತಕದ ಹೆಸರು ಪಾರ್ಥೇನಿಯಂ. ಅಮೆರಿಕ ಖಂಡದ ಈ ಗಿಡ ಪುಣೆಯಲ್ಲಿ ಬೆಳೆದಿರುವುದು 1956ರಲ್ಲಿ ವರದಿಯಾಯಿತು. ಮುಂದೆ ದೇಶದ ತುಂಬ ಹಬ್ಬಿತು. ಅದರ ಹಿಂದೆಯೇ ಚರ್ಮದ ಕಾಯಿಲೆಯೂ ಬಂತು: ರೆಪ್ಪೆ, ಕುತ್ತಿಗೆ, ಮೊಣಕೈ ಮಡಿಕೆಯಲ್ಲಿ ಕೆಂಪು, ಬಾವು, ತಡೆಯಲಾರದ ತುರಿಕೆ.

ಒಂದೇ ಹೊಲದಲ್ಲಿ ಕಸ ಕಿತ್ತವರಲ್ಲಿ ಒಬ್ಬರಿಗೆ ತುರಿಕೆ, ಇನ್ನೊಬ್ಬರಿಗೆ ಏನೂ ಇಲ್ಲ. ಅದೂ ಕಿತ್ತ ದಿನವಲ್ಲ, ಒಂದೆರಡು ದಿನ ಬಿಟ್ಟು. ಯಾಕೆ? ಉತ್ತರ ಸಿಗಲು ನೂರು ವರ್ಷ ಹಿಡಿಯಿತು.

1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ಮೆಚ್ನಿಕಾಫ್ ಎಂಬ ವಿಜ್ಞಾನಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿದರು. ಮರುದಿನ ನೋಡಿದರೆ ಮೈಯೊಳಗಿನ ಜೀವಕೋಶಗಳು ಮುಳ್ಳಿನ ಸುತ್ತ ನೆರೆದಿದ್ದವು. ಕಾವಲು ಕೋಶಗಳು ಗಾಯವಿದ್ದಲ್ಲಿಗೆ ನಡೆದು ಬರುತ್ತವೆ ಎಂದು ಗೊತ್ತಾಯಿತು. 1908ರಲ್ಲಿ ಅವರಿಗೆ ನೊಬೆಲ್ ಬಂತು.

1942ರಲ್ಲಿ ನ್ಯೂಯಾರ್ಕಿನಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಚೇಸ್ ಇನ್ನೊಂದು ಗಂಟು ಬಿಚ್ಚಿದರು. ರಾಸಾಯನಿಕದ ಅಲರ್ಜಿ ಇದ್ದ ಗಿನಿಪಿಗ್‌ನ ಕೋಶಗಳನ್ನು ಬೇರೊಂದಕ್ಕೆ ಹಾಕಿದಾಗ ಅದಕ್ಕೂ ಅಲರ್ಜಿ ಬಂತು. ಅಂದರೆ ಈ ಹಗೆಯ ನೆನಪು ಇರುವುದು ಕೋಶಗಳಲ್ಲಿ. ಅವನ್ನು ಈಗ ಟಿ ಕೋಶಗಳೆಂದು ಕರೆಯುತ್ತೇವೆ.

ಹಾಗಾದರೆ ಕರೆಯುವವರು ಯಾರು? 1987ರ ಸುಮಾರಿಗೆ ಇಂಟರ್‌ಲ್ಯೂಕಿನ್-8 ಎಂಬ ಪ್ರೋಟೀನು ಪತ್ತೆಯಾಯಿತು. ಅದು ಒಂದು ಬಗೆಯ ಬಿಳಿ ರಕ್ತಕಣಗಳನ್ನು ತನ್ನತ್ತ ಸೆಳೆಯುತ್ತಿತ್ತು. ಇಂಥ ಹತ್ತಾರು ಪ್ರೋಟೀನುಗಳು ಮುಂದೆ ಸಿಕ್ಕವು. ಇವೇ ಕೀಮೋಕೈನ್‌ಗಳು, ನಮ್ಮ ಮೈಯೊಳಗಿನ ಡಂಗುರ.

ಈಗ ಕಾಂಗ್ರೆಸ್ ಕಸಕ್ಕೆ ಬರೋಣ. ಅದರಲ್ಲಿರುವ ಪಾರ್ಥೆನಿನ್ ಎಂಬ ರಾಸಾಯನಿಕ ಚರ್ಮದ ಪ್ರೋಟೀನಿಗೆ ಅಂಟುತ್ತದೆ. ಕೆಲವರ ಮೈಯಲ್ಲಿ ಟಿ ಕೋಶಗಳು ಅದನ್ನು ಶತ್ರುವೆಂದು ಗುರುತಿಟ್ಟುಕೊಳ್ಳುತ್ತವೆ. ಮತ್ತೆ ಸೋಕಿದಾಗ ಚರ್ಮದ ಕೋಶಗಳು ಕೀಮೋಕೈನ್ ಬಿಡುತ್ತವೆ. ಅದು ದಟ್ಟವಾಗಿರುವ ಕಡೆಗೆ ಟಿ ಕೋಶಗಳು ರಕ್ತನಾಳದಿಂದ ಹೊರಬಿದ್ದು ಸಾಗುತ್ತವೆ. ಬಂದವು ಇನ್ನಷ್ಟು ಡಂಗುರ ಸಾರುತ್ತವೆ. ಈ ದಂಡು ಕೂಡಲು ಒಂದೆರಡು ದಿನ ಬೇಕು. ತುರಿಕೆ ತಡವಾಗಿ ಬರುವುದು ಅದಕ್ಕೇ.

ಆ ನೆನಪು ವರ್ಷಗಟ್ಟಲೆ ಉಳಿಯುತ್ತದೆ. ಹಾಗಾಗಿ ಒಮ್ಮೆ ಅಲರ್ಜಿಯಾದವರು ಕಸ ಕೀಳುವ ಕೆಲಸ ಬೇರೆಯವರಿಗೆ ಬಿಡುವುದು ಲೇಸು. ಒಣಗಿದ ಗಿಡದ ಪುಡಿ ಗಾಳಿಯಲ್ಲಿ ಬಂದರೂ ಸಾಕು. ಉಳಿದವರು ಹೂ ಬಿಡುವ ಮೊದಲೇ, ಕೈಗವಸು ಹಾಕಿ, ತೋಳು ಮುಚ್ಚಿ ಕೀಳಬೇಕು, ಮನೆಗೆ ಬಂದು ಮೈ ತೊಳೆಯಬೇಕು. ಸ್ಟೀರಾಯ್ಡ್ ಮುಲಾಮು ಈ ಡಂಗುರವನ್ನು ತಗ್ಗಿಸುತ್ತದೆ ನಿಜ. ಆದರೆ ಅಂಗಡಿಯಿಂದ ತಂದು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ತೆಳುವಾಗುತ್ತದೆ. ಯಾವುದು, ಎಷ್ಟು ದಿನ ಅನ್ನುವುದನ್ನು ಚರ್ಮದ ಡಾಕ್ಟರು ಹೇಳಲಿ.