ಗಡಿನಾಡಿನ ಶಾಲಾ ವರ್ಷ ಮತ್ತು ಅಧ್ಯಾಪಕರ ನಿವೃತ್ತಿವೇತನ

1956ರ ನವೆಂಬರ್ 1ರಂದು ರಾಜ್ಯಗಳ ಪುನರ್ವಿಂಗಡಣೆ ಜಾರಿಗೆ ಬಂದಾಗ ಕಾಸರಗೋಡಿನ ಶಾಲೆಗಳಲ್ಲಿ ವರ್ಷದ ಪಾಠ ಅರ್ಧಕ್ಕೆ ಬಂದಿತ್ತು. ಜೂನ್ ತಿಂಗಳ ಮಳೆಯಲ್ಲಿ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಶಾಲೆಗಳಾಗಿ ಬಾಗಿಲು ತೆರೆದವು, ವಾರ್ಷಿಕ ಪರೀಕ್ಷೆಯ ಹೊತ್ತಿಗೆ ಕೇರಳದ ಶಾಲೆಗಳಾಗಿದ್ದವು. ಈ ಬದಲಾವಣೆಯ ಭಾಷಿಕ ಪರಿಣಾಮಗಳನ್ನು ಕುರಿತು ನಮ್ಮಲ್ಲಿ ಸಾಕಷ್ಟು ಬರೆಹಗಳು ಬಂದಿವೆ. ಆದರೆ ಕರಿಹಲಗೆಯ ಮುಂದೆ ನಿಂತಿದ್ದ ಅಧ್ಯಾಪಕರ ಬಾಳಿನ ಭದ್ರತೆ ಏನಾಯಿತು ಎಂಬುದೂ ಗಡಿನಾಡಿನ ಇತಿಹಾಸದ ಭಾಗವೇ ಆಗಿದೆ.

ನಮ್ಮ ಕನ್ನಡ ಶಾಲೆಗಳಲ್ಲಿ ಹಲವು ಖಾಸಗಿ ಆಡಳಿತದ ಅನುದಾನಿತ ಶಾಲೆಗಳು. ಊರ ಹಿರಿಯರು, ದಾನಿಗಳು ಕಟ್ಟಿದ ಈ ಶಾಲೆಗಳಲ್ಲಿ ಅಧ್ಯಾಪಕರ ನೇಮಕವೂ ಸಂಬಳವೂ ಮೆನೇಜರರ ಕೈಯಲ್ಲಿದ್ದವು. ವೃದ್ಧಾಪ್ಯಕ್ಕೆ ಆಸರೆಯೆಂಬುದು ಬಹುಕಾಲ ಇರಲಿಲ್ಲ. 1955ರಲ್ಲಿ ಮದರಾಸು ಸರಕಾರ ಅನುದಾನಿತ ಶಾಲೆಗಳ ಅಧ್ಯಾಪಕರಿಗೆ ಪಿಂಚಣಿ, ಭವಿಷ್ಯನಿಧಿ, ವಿಮೆ ಎಂಬ ತ್ರಿವಿಧ ಸೌಲಭ್ಯದ ಯೋಜನೆಯನ್ನು ತಂದಿತು. ಅದು ಬೇರೂರುವ ಮೊದಲೇ ಕಾಸರಗೋಡು ಆ ರಾಜ್ಯದಿಂದ ಬೇರೆಯಾಯಿತು.

ರಾಜ್ಯ ಪುನರ್ವಿಂಗಡಣೆಯ ಕಾಯಿದೆಯ 115ನೆಯ ಕಲಮು ಸರಕಾರಿ ನೌಕರರಿಗೆ ಅಭಯ ನೀಡಿತ್ತು: ಕೇಂದ್ರ ಸರಕಾರದ ಪೂರ್ವಾನುಮತಿಯಿಲ್ಲದೆ ಅವರ ಸೇವಾ ನಿಬಂಧನೆಗಳನ್ನು ಅವರಿಗೆ ನಷ್ಟವಾಗುವಂತೆ ಬದಲಿಸುವಂತಿರಲಿಲ್ಲ. ಅನುದಾನಿತ ಶಾಲೆಯ ಅಧ್ಯಾಪಕರಾದರೋ ಸರಕಾರಿ ನೌಕರರಲ್ಲ. ಮಕ್ಕಳಿಗೆ ಪಾಠ ಹೇಳುವ ಕೆಲಸ ಒಂದೇ ಆಗಿದ್ದರೂ ಈ ಅಭಯ ಅವರ ಪಾಲಿಗೆ ಬರಲಿಲ್ಲ.

ಈ ಕೊರತೆಯನ್ನು ತುಂಬಿದ್ದು ಕೇರಳದ ವಿದ್ಯಾಭ್ಯಾಸ ಕಾಯಿದೆ. ಶಿಕ್ಷಣ ಸಚಿವ ಜೋಸೆಫ್ ಮುಂಡಶ್ಶೇರಿ ಮಂಡಿಸಿದ ಮಸೂದೆಗೆ 1957ರಲ್ಲಿ ವಿಧಾನಸಭೆಯ ಒಪ್ಪಿಗೆ ದೊರೆಯಿತು. ರಾಷ್ಟ್ರಪತಿಗಳು ಅದನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳುಹಿಸಿದರು. 1958ರ ಮೇ 22ರ ಅಭಿಪ್ರಾಯದಲ್ಲಿ ನ್ಯಾಯಾಲಯವು, ಶಾಲೆಗಳನ್ನು ಸರಕಾರವೇ ವಹಿಸಿಕೊಳ್ಳುವ ಖಂಡಗಳು ಅಲ್ಪಸಂಖ್ಯಾತರ ಶಾಲೆಗಳ ಮಟ್ಟಿಗೆ ಸಂವಿಧಾನದ 30ನೆಯ ವಿಧಿಗೆ ವಿರುದ್ಧವೆಂದಿತು. ಅಧ್ಯಾಪಕರ ರಕ್ಷಣೆಗೆ ಸಂಬಂಧಿಸಿದ ನಿಯಮಗಳನ್ನು ಒಪ್ಪಬಹುದೆಂದಿತು. ತಿದ್ದುಪಡಿಗೊಂಡ ಕಾಯಿದೆ ಶಾಲಾ ವರ್ಷ ಆರಂಭವಾಗುವ 1959ರ ಜೂನ್ 1ರಂದೇ ಜಾರಿಗೆ ಬಂತು. ಅಧ್ಯಾಪಕರ ಸಂಬಳ ಸರಕಾರದಿಂದಲೇ ಪಾವತಿಯಾಗುವ ಕ್ರಮ ಬಂತು. ಪಿಂಚಣಿ ಮೆನೇಜರರ ಔದಾರ್ಯವಾಗಿ ಉಳಿಯದೆ ನಿಯಮದ ಹಕ್ಕಾಯಿತು.

ಆ ಹಕ್ಕಿನ ಲೆಕ್ಕಾಚಾರ ಶಾಲೆಯ ವಾರ್ಷಿಕ ಪಂಚಾಂಗದೊಂದಿಗೆ ಹೆಣೆದುಕೊಂಡಿದೆ. ಕೇರಳ ವಿದ್ಯಾಭ್ಯಾಸ ನಿಯಮಗಳಂತೆ ಮಾರ್ಚಿಯ ಕೊನೆಯ ಕೆಲಸದ ದಿನ ಶಾಲೆ ಮುಚ್ಚಿ ಜೂನಿನ ಮೊದಲ ಕೆಲಸದ ದಿನ ತೆರೆಯಬೇಕು. ವರ್ಷದ ನಡುವೆ ನಿವೃತ್ತಿಯ ವಯಸ್ಸು ತುಂಬಿದ ಅಧ್ಯಾಪಕರು ಶಾಲಾ ವರ್ಷ ಮುಗಿಯುವ ತಿಂಗಳ ಕೊನೆಯವರೆಗೆ ಸೇವೆಯಲ್ಲಿ ಮುಂದುವರಿಯಬಹುದೆಂದು ಸೇವಾ ನಿಯಮಗಳು ಹೇಳುತ್ತವೆ. ಪಾಠ ನಡುವೆ ನಿಲ್ಲದಿರಲೆಂಬ ಈ ಏರ್ಪಾಡಿನಿಂದ ಮಕ್ಕಳಿಗೂ ಅಧ್ಯಾಪಕರಿಗೂ ಒಳಿತಾಗಿದೆ. ಪಿಂಚಣಿ ಪಡೆಯಲು ಕನಿಷ್ಠ 10 ವರ್ಷಗಳ ಅರ್ಹ ಸೇವೆ ಬೇಕು. ಪೂರ್ಣ ಪಿಂಚಣಿಗೆ 30 ವರ್ಷ.

ಇದೇ ಪಂಚಾಂಗ ಕನ್ನಡ ತರಗತಿಗಳಿಗೆ ಪರೀಕ್ಷೆಯನ್ನೂ ಒಡ್ಡುತ್ತದೆ. ಈಗ ಜೂನಿನಲ್ಲಿ ಶಾಲೆ ತೆರೆದ ಬಳಿಕ ಆರನೆಯ ಕೆಲಸದ ದಿನದ ಹಾಜರಿಯನ್ನು ಆಧರಿಸಿ ಆ ವರ್ಷದ ಹುದ್ದೆಗಳು ನಿಗದಿಯಾಗುತ್ತವೆ. ಮಕ್ಕಳ ಸಂಖ್ಯೆ ಕುಸಿದರೆ ಡಿವಿಷನ್ ಹೋಗುತ್ತದೆ, ಡಿವಿಷನಿನೊಂದಿಗೆ ಹುದ್ದೆಯೂ ಹೋಗುತ್ತದೆ. ಸಂರಕ್ಷಣೆ ದೊರೆಯದ ಅಧ್ಯಾಪಕರ ಸೇವೆ ಅಲ್ಲಿಗೇ ತುಂಡಾಗುತ್ತದೆ. ಅದರ ನಷ್ಟ ಅವರಿಗೆ ತಿಳಿಯುವುದು ದಶಕಗಳ ಬಳಿಕ, ಅರ್ಹ ಸೇವೆಯ ವರ್ಷಗಳನ್ನು ಕೂಡಿಸುವಾಗ. ಮಗುವನ್ನು ಕನ್ನಡ ಶಾಲೆಗೆ ಸೇರಿಸುವ ತಾಯ್ತಂದೆಯರು ಒಬ್ಬ ಅಧ್ಯಾಪಕರ ಮುಪ್ಪಿಗೂ ಆಸರೆಯಾಗುತ್ತಾರೆಂದರೆ ಅದು ಅಲಂಕಾರದ ಮಾತಲ್ಲ.

ರಜೆಗಳ ವಿಷಯವೂ ಹಾಗೆಯೇ. ಓಣಂ ಮತ್ತು ಕ್ರಿಸ್‌ಮಸ್ ರಜೆಗಳೇ ಕೇರಳದ ಶಾಲಾ ವರ್ಷವನ್ನು ಮೂರಾಗಿ ವಿಭಾಗಿಸುತ್ತವೆ. ನಮ್ಮ ಮನೆಗಳ ವರ್ಷವಾದರೋ ಚೌತಿ, ನವರಾತ್ರಿ, ದೀಪಾವಳಿಗಳ ಸುತ್ತ ಸಾಗುವಂಥದು. ಗಣೇಶ ಚತುರ್ಥಿಗೆ ಕಾಸರಗೋಡು ಜಿಲ್ಲೆಯಲ್ಲಿ ಸ್ಥಳೀಯ ರಜೆ ಸಾರುವ ರೂಢಿಯಿದೆ. ರಾಜ್ಯಕ್ಕೆಲ್ಲ ಒಂದೇ ಪಂಚಾಂಗವಿದ್ದರೂ ಅದರಲ್ಲಿ ಈ ನೆಲದ ನಡಾವಳಿಗೆ ಎಡೆಯುಂಟೆಂಬುದಕ್ಕೆ ಇದೊಂದು ನಿದರ್ಶನ.

2013ರ ಏಪ್ರಿಲ್ 1ರಿಂದ ಸೇವೆಗೆ ಸೇರಿದವರ ಸ್ಥಿತಿ ಬೇರೆ. ಅವರಿಗೆ ಹಳೆಯ ಪಿಂಚಣಿಯ ಬದಲು ಪಾಲುದಾರಿಕೆಯ ಪಿಂಚಣಿ ವ್ಯವಸ್ಥೆ ಬಂತು. ಸಂಬಳದಿಂದ ನೂರಕ್ಕೆ 10ರಂತೆ ಕಡಿತ, ಅಷ್ಟೇ ಮೊತ್ತ ಸರಕಾರದಿಂದ. ಕೊನೆಗೆ ಕೈಗೆ ಬರುವುದು ಮಾರುಕಟ್ಟೆಯ ಏರಿಳಿತಕ್ಕೆ ಒಳಪಟ್ಟದ್ದು. 1959ರಲ್ಲಿ ದೊರೆತ ನಿಶ್ಚಿತತೆ ಹೊಸ ತಲೆಮಾರಿನ ಅಧ್ಯಾಪಕರಿಗೆ ಇಲ್ಲವಾಯಿತು. ಒಂದೇ ಶಾಲೆಯಲ್ಲಿ, ಒಂದೇ ಪಾಠ ಹೇಳುವ ಇಬ್ಬರ ನಾಳೆಗಳು ಬೇರೆಬೇರೆಯಾದವು.

ಗಡಿನಾಡಿನಲ್ಲಿ ಕನ್ನಡ ಉಳಿದುದರ ಹಿಂದೆ ಕವಿಗಳ ವಾಣಿಯಿದೆ, ಹೋರಾಟಗಾರರ ತ್ಯಾಗವಿದೆ. ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳಲ್ಲಿ ಈ ಎರಡೂ ಕೂಡಿದ್ದವು. ಅವರೊಂದಿಗೆ, ಹೆಸರು ಎಲ್ಲಿಯೂ ಅಚ್ಚಾಗದೆ ಮೂವತ್ತು ವರ್ಷ ಅಕ್ಷರ ತಿದ್ದಿಸಿ ನಿವೃತ್ತರಾದ ನೂರಾರು ಅಧ್ಯಾಪಕರೂ ಇದ್ದಾರೆ. ಜೂನ್ ಬರುವ ಮುನ್ನ ಮನೆಮನೆಗೆ ಹೋಗಿ ಮಕ್ಕಳನ್ನು ಕರೆತರುವುದು, ಅಧ್ಯಾಪಕರ ನೇಮಕಾತಿಯ ಅಂಗೀಕಾರ ತಡವಾದಾಗ ಅವರ ಪರವಾಗಿ ಕಚೇರಿಯ ಮೆಟ್ಟಿಲೇರುವುದು – ನಮ್ಮ ಸಂಘಗಳು ಕೈಗೊಳ್ಳಬಹುದಾದ ಕನ್ನಡದ ಕೆಲಸಗಳಲ್ಲಿ ಇವೂ ಸೇರಬೇಕು. ನಾಳೆಯ ಚಿಂತೆಯಿಲ್ಲದೆ ತರಗತಿಗೆ ಬರುವ ಅಧ್ಯಾಪಕರಿದ್ದಾಗಲೇ ಶಾಲೆ ಉಳಿಯುತ್ತದೆ, ಶಾಲೆಯಿದ್ದರೆ ಭಾಷೆ.