ಹದಿನೆಂಟರ ಲೆಕ್ಕ

‘ಬರ್ಡ್ಸ್ ಆಫ್ ಫೈರ್’ ಎಂಬ ವಾದ್ಯಕೃತಿಯನ್ನು ನಾವು ಮೊದಲು ಕೇಳಿದ್ದು 1980ರ ದಶಕದ ಆರಂಭದಲ್ಲಿ, ಡೊಂಬಿವಲಿಯ ಒಂದು ಚಾಳಿನ ಕೋಣೆಯಲ್ಲಿ. ಕೃತಿ ಹೊರಬಂದು ಆಗಲೇ ಎಂಟೊಂಬತ್ತು ವರ್ಷಗಳಾಗಿದ್ದವು. ನಮ್ಮ ಕೈಗೆ ಸಿಕ್ಕಿದ್ದು ಧ್ವನಿಮುದ್ರಿಕೆಯ ತಟ್ಟೆಯಲ್ಲ, ಪ್ರತಿಯ ಪ್ರತಿಯಾಗಿ ಇಳಿದು ಬಂದ ಒಂದು ಕ್ಯಾಸೆಟ್. ಅದರ ಚೀಟಿಯ ಮೇಲೆ ಯಾರೋ ನೀಲಿ ಶಾಯಿಯಲ್ಲಿ ‘ಮಹಾವಿಷ್ಣು’ ಎಂದಷ್ಟೇ ಬರೆದಿದ್ದರು. ಗೆಳೆಯನ ತಂದೆ, ನಾವೆಲ್ಲ ಮಾಮ ಎಂದು ಕರೆಯುತ್ತಿದ್ದವರು, ದಾಸರ ಪದಗಳಿರಬೇಕೆಂದು ಭಾವಿಸಿ ಕೈಕಾಲು ತೊಳೆದು ಬಂದು ಚಾಪೆಯ ಮೇಲೆ ಕುಳಿತರು. ಮೊದಲು ಕೇಳಿಸಿದ್ದು ಜಾಗಟೆಯ ನಾದ. ಅವರ ನಂಬಿಕೆ ಇನ್ನಷ್ಟು ಗಟ್ಟಿಯಾಯಿತು. ಆಮೇಲೆ ಗಿಟಾರು ಶುರುವಾಯಿತು.

ಮಾಮ ಎದ್ದು ಹೋಗಲಿಲ್ಲ. ಮುಖ ಗಂಟಿಕ್ಕಿಕೊಂಡೇ ಬಲಗೈಯನ್ನು ತೊಡೆಯ ಮೇಲಿಟ್ಟು ಏನನ್ನೋ ಎಣಿಸತೊಡಗಿದರು. ಈ ಬರಹದ ಹುಟ್ಟು ಆ ಕೈಯಲ್ಲಿದೆ.

ಕೃತಿಯ ಚರಿತ್ರೆಯನ್ನು ಬೇಗನೆ ಹೇಳಿ ಮುಗಿಸಬಹುದು. ಜಾನ್ ಮ್ಯಾಕ್‌ಲಾಫ್ಲಿನ್ 1942ರಲ್ಲಿ ಇಂಗ್ಲೆಂಡಿನ ಯಾರ್ಕ್‌ಶೈರಿನಲ್ಲಿ ಹುಟ್ಟಿದ ಗಿಟಾರ್ ವಾದಕ. ಅಮೆರಿಕಕ್ಕೆ ಹೋಗಿ ಮೈಲ್ಸ್ ಡೇವಿಸ್ ಅವರ ‘ಇನ್ ಎ ಸೈಲೆಂಟ್ ವೇ’ (1969), ‘ಬಿಚಸ್ ಬ್ರೂ’ (1970) ಮುದ್ರಿಕೆಗಳಲ್ಲಿ ನುಡಿಸಿದವರು. ಶ್ರೀ ಚಿನ್ಮಯ್ ಅವರ ಶಿಷ್ಯರಾಗಿ ‘ಮಹಾವಿಷ್ಣು’ ಎಂಬ ಹೆಸರು ಪಡೆದು 1971ರಲ್ಲಿ ‘ಮಹಾವಿಷ್ಣು ಆರ್ಕೆಸ್ಟ್ರಾ’ ಕಟ್ಟಿದರು. ಪನಾಮದಲ್ಲಿ ಹುಟ್ಟಿದ ಬಿಲ್ಲಿ ಕಾಬ್‌ಹ್ಯಾಮ್ ಡ್ರಮ್ಸ್, ಅಮೆರಿಕದ ಜೆರ್ರಿ ಗುಡ್‌ಮನ್ ಪಿಟೀಲು, ಪ್ರಾಗಿನಿಂದ ಬಂದ ಯಾನ್ ಹ್ಯಾಮರ್ ಕೀಬೋರ್ಡ್, ಐರ್ಲೆಂಡಿನ ರಿಕ್ ಲೇರ್ಡ್ ಬಾಸ್. ಇವರ ಎರಡನೆಯ ಮುದ್ರಿಕೆ 1973ರ ‘ಬರ್ಡ್ಸ್ ಆಫ್ ಫೈರ್’. ಅದೇ ಹೆಸರಿನ ಮೊದಲ ಕೃತಿ ಆರು ನಿಮಿಷಕ್ಕೂ ಕಡಿಮೆಯದು. ಮಾತಿಲ್ಲ, ಹಾಡಿಲ್ಲ. ಇಂತಹ ಮುದ್ರಿಕೆ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ 15ನೆಯ ಸ್ಥಾನದವರೆಗೆ ಏರಿದ್ದು ಇಂದಿಗೂ ನಮಗೆ ಬೆರಗು. ಅದೇ ವರ್ಷದ ಕೊನೆಗೆ ಈ ಐವರ ತಂಡ ಒಡೆಯಿತು.

ಅದು ನಮ್ಮ ಉಪನಗರಗಳಿಗೆ ಹೇಗೆ ಬಂದು ಸೇರಿತು ಎಂಬುದು ಇದಕ್ಕಿಂತ ಸ್ವಾರಸ್ಯದ ಕಥೆ. ಮಾಟುಂಗಾ, ಸಾಯನ್, ಕೋಟೆ ಪ್ರದೇಶಗಳಲ್ಲಿ ನೆಲೆಸಿದ್ದ ಕನ್ನಡಿಗರು ಬಾಡಿಗೆಯ ಬಿಸಿ ತಾಳಲಾರದೆ ಥಾಣೆ, ಡೊಂಬಿವಲಿ, ಕಲ್ಯಾಣಗಳ ಕಡೆಗೆ ಸರಿಯುತ್ತಿದ್ದ ಕಾಲವದು. 1970ರಲ್ಲಿ ಸಿಡ್ಕೋ ಸ್ಥಾಪನೆಯಾಗಿ, 1973ರಲ್ಲಿ ಖಾಡಿಗೆ ಸೇತುವೆ ಬಂದ ಮೇಲೆ ಕೆಲವರು ವಾಶಿಗೂ ಹೋದರು. ವಾಶಿಗೆ ರೈಲು ಬಂದದ್ದು 1992ರಲ್ಲಿ. ಅಲ್ಲಿಯತನಕ ಆ ಕಡೆಯ ಗೆಳೆಯರೂ ಅವರ ಕ್ಯಾಸೆಟ್ಟುಗಳೂ ಬಸ್ಸಿನಲ್ಲೇ ಸೇತುವೆ ದಾಟಿ ಬರಬೇಕಿತ್ತು. ಕಾಲಾಘೋಡಾದ ರಿದಮ್ ಹೌಸಿನಲ್ಲಿ ವಿದೇಶಿ ತಟ್ಟೆಗಳನ್ನು ಕೈಯಲ್ಲಿ ಹಿಡಿದು ನೋಡಿ ಮರಳಿ ಇಟ್ಟು ಬರುವುದು ಒಂದು ವಾರಾಂತ್ಯದ ವ್ರತವೇ ಆಗಿತ್ತು. ಕೆಲವರ ಮನೆಯಲ್ಲಿ ರಾತ್ರಿ ಶಾರ್ಟ್‌ವೇವಿನಲ್ಲಿ ವಾಯ್ಸ್ ಆಫ್ ಅಮೆರಿಕದ ವಿಲ್ಲಿಸ್ ಕಾನೋವರ್ ಅವರ ಜಾಝ್ ಕಾರ್ಯಕ್ರಮ ಕೇಳುವ ರೂಢಿಯಿತ್ತು. ಅಲೆ ಏರಿಳಿದು, ಒಂದು ಕೃತಿ ಅರ್ಧಕ್ಕೇ ಕರಗಿಹೋಗುತ್ತಿತ್ತು. 1978ರಲ್ಲಿ ಮುಂಬಯಿಯಲ್ಲಿ ಮೊದಲ ‘ಜಾಝ್ ಯಾತ್ರಾ’ ನಡೆದಾಗ ಸೋನಿ ರೋಲಿನ್ಸ್ ಅವರಂಥವರು ರಂಗಭವನದ ಬಯಲು ವೇದಿಕೆಯಲ್ಲಿ ನುಡಿಸಿದರು. ನಮ್ಮ ಬಳಗದ ಹಿರಿಯರಿಬ್ಬರು ಹೋಗಿದ್ದರಂತೆ. ಆದರೆ ಕಲ್ಯಾಣದ ಕೊನೆಯ ಲೋಕಲ್ ಯಾರಿಗೂ ಕಾಯುವುದಿಲ್ಲವಲ್ಲ! ಅವರು ಕಚೇರಿಯ ವಿಷಯ ಹೇಳುವಾಗಲೆಲ್ಲ ಅರ್ಧ ಸಂಗೀತ, ಅರ್ಧ ಗಡಿಯಾರ.

ಇನ್ನು ಆ ಎಣಿಕೆಯ ವಿಷಯ. ‘ಬರ್ಡ್ಸ್ ಆಫ್ ಫೈರ್’ ಹದಿನೆಂಟು ಮಾತ್ರೆಗಳ ಆವರ್ತದಲ್ಲಿ ಸುತ್ತುತ್ತದೆ. ಪಾಶ್ಚಾತ್ಯ ರಸಿಕರಿಗೆ ಇದೇ ಒಂದು ರೋಮಾಂಚನ. ನಾಲ್ಕಕ್ಕೆ ಒಗ್ಗಿದ ಕಾಲು ಹದಿನೆಂಟಕ್ಕೆ ಎಡವುತ್ತದೆ. ಆ ಎಡವುವಿಕೆಯೇ ಅವರಿಗೆ ಸುಖ. ನಾವು ಕೇಳಿದ ಬಗೆ ಬೇರೆ. ಮಾಮ ಬ್ಯಾಂಕಿನಲ್ಲಿ ಗುಮಾಸ್ತರು, ಷಣ್ಮುಖಾನಂದ ಸಭಾಗೃಹದ ಕಚೇರಿಗಳಲ್ಲಿ ತಾಳ ಹಾಕುತ್ತ ಕೂರುವವರು. ಎರಡನೆಯ ಸಲ ಕ್ಯಾಸೆಟ್ ಹಚ್ಚಿಸಿ ಅವರು ತೀರ್ಪು ಕೊಟ್ಟರು: “ಇದು ಮಿಶ್ರ ಜಾತಿ ಅಟ ತಾಳ ಕಣ್ರೋ.” ಅಟ ತಾಳಕ್ಕೆ ಎರಡು ಲಘು, ಎರಡು ದ್ರುತ. ಮಿಶ್ರ ಜಾತಿಯಲ್ಲಿ ಲಘುವಿಗೆ ಏಳು ಅಕ್ಷರ. ಏಳು, ಏಳು, ಎರಡು, ಎರಡು ಸೇರಿ ಹದಿನೆಂಟು. ಸುಳಾದಿ ತಾಳಗಳ ಲೆಕ್ಕಾಚಾರ ಬಲ್ಲವರಿಗೆ ಇದು ಬಾಯಿಪಾಠ. ಸುಳಾದಿ ಎಂದಮೇಲೆ ಪುರಂದರದಾಸರು, ದಾಸರೆಂದಮೇಲೆ ವಿಷ್ಣು. ಚೀಟಿಯ ಮೇಲಿನ ಹೆಸರು ಕೊನೆಗೂ ಸುಳ್ಳಾಗಲಿಲ್ಲವೆಂದು ಮಾಮನಿಗೆ ಸಮಾಧಾನ.

ಥಾಣೆಯ ಉಡುಪಿ ಹೋಟೆಲೊಂದರಲ್ಲಿ ಕೆಲಸಕ್ಕಿದ್ದ ಇನ್ನೊಬ್ಬ ಗೆಳೆಯನ ಸೋದರಮಾವ ಊರಿನಲ್ಲಿದ್ದಾಗ ಯಕ್ಷಗಾನಕ್ಕೆ ಮದ್ದಳೆ ಬಾರಿಸಿದವರು. ಅವರು ಒಪ್ಪಲಿಲ್ಲ. ಗಿಟಾರಿನ ಸುತ್ತನ್ನು ಅವರು ಐದು, ಐದು, ಐದು, ಮೂರು ಎಂದು ಕಟ್ಟಿಕೊಂಡರು: ತಕತಕಿಟ ಮೂರು ಸಲ, ಕೊನೆಗೆ ಒಂದು ತಕಿಟ. ನಾವು ಹುಡುಗರು, ಆ ವೇಗಕ್ಕೆ ಬೆರಳು ಓಡದೆ, ಮೂರು ಮೂರರ ಆರು ಗುಂಪು ಮಾಡಿಕೊಂಡೆವು. ಆವರ್ತದ ಎತ್ತುಗಡೆಗೆ ಎಲ್ಲರೂ ಒಟ್ಟಿಗೆ ಬಂದು ಬೀಳುತ್ತಿದ್ದೆವು. ನಡುವಿನ ದಾರಿ ಮಾತ್ರ ಮೂವರದು ಮೂರು. ಆ ಜಗಳ ಎಷ್ಟೋ ಶನಿವಾರಗಳ ಮಟ್ಟಿಗೆ ನಡೆಯಿತು. ಥಾಣೆಯಿಂದ ಮುಂದೆ ವೇಗದ ಲೋಕಲ್ ಪಾರ್ಸಿಕ್ ಸುರಂಗ ಹೊಕ್ಕಾಗ, 1916ರ ಆ ಕಲ್ಲುಗೂಡಿನಲ್ಲಿ ಹಳಿಯ ಸದ್ದು ದುಪ್ಪಟ್ಟಾಗಿ, ಬಾಗಿಲಲ್ಲಿ ನಿಂತ ನಾವು ಡಬ್ಬಿಯ ತಗಡನ್ನು ಬಡಿದು ನಮ್ಮ ನಮ್ಮ ಪಕ್ಷ ಸಮರ್ಥಿಸಿಕೊಳ್ಳುತ್ತಿದ್ದೆವು. ಅದೇ ಡಬ್ಬಿಯ ಇನ್ನೊಂದು ಮೂಲೆಯಲ್ಲಿ ಭಜನಾ ಮಂಡಳಿಯವರು ತಾಳ ಕುಟ್ಟುತ್ತಿದ್ದುದರಿಂದ ನಮ್ಮನ್ನು ಯಾರೂ ಹುಚ್ಚರೆಂದು ತಿಳಿಯಲಿಲ್ಲ.

ಇಂದು ನೋಡಿದರೆ ಮಾಮನ ತೀರ್ಪು ತಪ್ಪು. ತಾಳವೆಂದರೆ ಒಟ್ಟು ಮೊತ್ತವಲ್ಲ, ಅದರ ಅಂಗಗಳು. ಹದಿನೆಂಟು ಬಂದಲ್ಲೆಲ್ಲ ಅಟ ತಾಳವೆನ್ನುವುದು, ನಾಲ್ಕು ಕಾಲಿರುವುದನ್ನೆಲ್ಲ ಹಸುವೆಂದಂತೆ. ಲಘು, ದ್ರುತಗಳ ಬಾಗು ಆ ಕೃತಿಯಲ್ಲಿ ಎಲ್ಲಿಯೂ ಇಲ್ಲ. ಮ್ಯಾಕ್‌ಲಾಫ್ಲಿನ್ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿ ಡಾ. ಎಸ್. ರಾಮನಾಥನ್ ಅವರಲ್ಲಿ ವೀಣೆಯನ್ನು ಅಭ್ಯಾಸ ಮಾಡಿದ್ದು ನಿಜ. 1975ರ ಹೊತ್ತಿಗೆ ಎಲ್. ಶಂಕರ್, ಝಾಕಿರ್ ಹುಸೇನ್, ವಿಕ್ಕು ವಿನಾಯಕರಾಮ್, ರಾಮನಾಡ್ ರಾಘವನ್ ಅವರೊಡನೆ ‘ಶಕ್ತಿ’ ತಂಡದಲ್ಲಿ ನೆಲದ ಮೇಲೆ ಕುಳಿತು ನುಡಿಸಿದ್ದೂ ನಿಜ. ಆದರೂ 1973ರ ಆ ಕೃತಿಯನ್ನು ಕರ್ನಾಟಕ ಸಂಗೀತದ ಖಾತೆಗೆ ಬರೆದುಕೊಳ್ಳುವುದು ದುರಾಸೆ. ಅದರ ಸ್ವರಗಳ ಒಡಲಲ್ಲಿರುವುದು ಜಾಝ್, ಅದರ ಬೆಂಕಿ ರಾಕ್ ಸಂಗೀತದ್ದು. ಆದರೆ ಆ ತಪ್ಪು ಎಣಿಕೆ ಇಲ್ಲದಿದ್ದರೆ ಮಾಮ ಎರಡನೆಯ ಸಲ ಕೇಳುತ್ತಲೇ ಇರಲಿಲ್ಲ.

ಗದ್ದಲದ ಆಕ್ಷೇಪ ಮಾತ್ರ ನಮ್ಮ ಬಳಗದಲ್ಲಿ ಹುಟ್ಟಲಿಲ್ಲ. ಮಹಾವಿಷ್ಣು ತಂಡ ಅತಿ ಜೋರು, ಅತಿ ವೇಗ ಎಂದು ಅಲ್ಲಿಯ ವಿಮರ್ಶಕರೇ ದೂರಿದ್ದುಂಟು. ಕಾಬ್‌ಹ್ಯಾಮ್ ಎರಡು ಪಾದಗಳಿಂದ ಎರಡು ದೊಡ್ಡ ಡ್ರಮ್ಮುಗಳನ್ನು ಒದೆಯುವುದನ್ನು ಕೇಳಿ ಮದ್ದಳೆಯ ಮಾವ ಹೇಳಿದ್ದು: “ಗದ್ದೆಯಲ್ಲಿ ಚೆಂಡೆ ಕೇಳಿದವನಿಗೆ ಇದೇನು ಜೋರು?” ಬಯಲಿನಲ್ಲಿ, ಮೈಕಿಲ್ಲದ ಕಾಲದಲ್ಲಿ, ಸಾವಿರ ಜನರಿಗೆ ಮುಟ್ಟಬೇಕಾದ ವಾದ್ಯ ಮೃದುವಾಗಿರಲಾರದು. ಮೈಸೂರು ಚೌಡಯ್ಯನವರು ದೊಡ್ಡ ಸಭೆಯ ಹಿಂದಿನ ಸಾಲಿಗೂ ನಾದ ಮುಟ್ಟಲೆಂದೇ ಪಿಟೀಲಿಗೆ ಮೂರು ತಂತಿ ಹೆಚ್ಚಿಸಿ ಏಳು ಮಾಡಿದರು. ಗುಡ್‌ಮನ್ ಪಿಟೀಲಿಗೆ ವಿದ್ಯುತ್ತು ಕೊಟ್ಟದ್ದೂ ಅದೇ ಅಗತ್ಯದಿಂದ. ಚೌಡಯ್ಯನವರನ್ನು ಹೊಗಳಿ ಗುಡ್‌ಮನ್‌ರನ್ನು ಹಳಿಯುವ ಮಡಿವಂತಿಕೆ ನಮಗೆ ಎಂದೂ ಅರ್ಥವಾಗಲಿಲ್ಲ.

ನಮಗೆ ಸುಲಭವಾಗಿ ಉತ್ತರಿಸಲಾಗದ ಆಕ್ಷೇಪ ಇನ್ನೊಂದು. ಕನ್ನಡ ಬಳಗದಲ್ಲಿ ಕುಳಿತು ಇಂಗ್ಲಿಷರ ಗಿಟಾರಿಗೆ ತಲೆದೂಗುವ ನಿಮಗೆ ನಿಮ್ಮ ಸಂಗೀತ ಗೊತ್ತೇ, ಎಂದು ಹಿರಿಯ ಸಾಹಿತಿಯೊಬ್ಬರು ಒಮ್ಮೆ ಕೇಳಿದರು. ಪ್ರಾಮಾಣಿಕವಾಗಿ ಹೇಳುವುದಾದರೆ, ಗೊತ್ತಿರಲಿಲ್ಲ. ಷಣ್ಮುಖಾನಂದದಲ್ಲಾಗಲಿ ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಾಗಲಿ ಕಚೇರಿ ಕೇಳಲು ಹೋದಾಗ, ತನಿ ಆವರ್ತನ ಆರಂಭವಾಯಿತೆಂದರೆ ನಾವು ಎದ್ದು ಕಾಫಿಗೆ ಹೋಗುವ ಪಂಗಡದವರು. ನಾವಷ್ಟೇ ಅಲ್ಲ, ಅರ್ಧ ಸಭೆಯೇ ಏಳುತ್ತಿತ್ತು. ಮೃದಂಗ, ಘಟ, ಖಂಜಿರಗಳು ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಉತ್ತರ ಕೊಡುತ್ತ, ಆವರ್ತವನ್ನು ಕುಗ್ಗಿಸುತ್ತ ಕೊನೆಯ ಮೋರಾಕ್ಕೆ ಬರುವ ಹೊತ್ತಿಗೆ ನಮ್ಮ ಕೈಯಲ್ಲಿ ಲೋಟ ಇರುತ್ತಿತ್ತು. ಹದಿನೆಂಟನ್ನು ಎಣಿಸುವ ಜಗಳ ಹತ್ತಿದ ಮೇಲೆ ನಾವು ಕುಳಿತೇ ಇರಲು ಕಲಿತೆವು. ನಮ್ಮದೇ ತಾಳವಾದ್ಯಗಳನ್ನು ಪೂರ್ತಿ ಕೇಳಿಸಿಕೊಳ್ಳಲು ನಮಗೆ ಪನಾಮದ ಡ್ರಮ್ಮಿನವನು ಬೇಕಾಯಿತು ಎಂಬುದು ಹೆಮ್ಮೆಯ ಸಂಗತಿಯಲ್ಲ. ಆದರೆ ನಡೆದದ್ದು ಹಾಗೆ.

ಬೆಂಗಳೂರಿನ ವಿಷಯ ನಮಗೆ ತಿಳಿದದ್ದು ಇನ್ನೂ ತಡವಾಗಿ. ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿಯವರು 1964ರಲ್ಲೇ ಅಲ್ಲಿ ‘ಕರ್ನಾಟಕ ಕಾಲೇಜ್ ಆಫ್ ಪರ್ಕಶನ್’ ಆರಂಭಿಸಿದ್ದರು. ಪಕ್ಕವಾದ್ಯವೆಂದು ಬದಿಗಿಟ್ಟ ವಾದ್ಯಗಳಿಗಾಗಿಯೇ ಒಂದು ಶಾಲೆ. ಅವರ ಪತ್ನಿ ಆರ್.ಎ. ರಮಾಮಣಿಯವರ ಗಾಯನ ಆ ತಾಳಮೇಳಕ್ಕೆ ಜೊತೆ. ಮ್ಯೂನಿಕ್ಕಿನ ‘ಎಂಬ್ರಿಯೋ’ ಎಂಬ ಜಾಝ್ ರಾಕ್ ತಂಡ 1978ರಲ್ಲಿ ಬಸ್ಸುಗಳನ್ನು ಹತ್ತಿ, ಇರಾನ್, ಅಫ್ಘಾನಿಸ್ತಾನಗಳನ್ನು ದಾಟಿ ಭಾರತಕ್ಕೆ ಬಂದಾಗ ಈ ಕಾಲೇಜಿನವರೊಡನೆ ನುಡಿಸಿತು. ಆ ಪಯಣದ ಫಲ 1979ರ ಜೋಡಿ ತಟ್ಟೆ ‘ಎಂಬ್ರಿಯೋಸ್ ರೈಸೆ’. ಬಾಸ್ಟನ್ನಿನಲ್ಲಿ ಹುಟ್ಟಿದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೋ ನಾಗಸ್ವರವನ್ನೂ ಕಲಿತವರು; ಅವರು ಮಣಿ, ರಮಾಮಣಿ ಮತ್ತು ಸಂಗಡಿಗರೊಡನೆ 1983ರಲ್ಲಿ ‘ಜ್ಯೋತಿ’ ಎಂಬ ಮುದ್ರಿಕೆ ಮಾಡಿದರು. ಅದನ್ನು ಹೊರತಂದದ್ದು ಜರ್ಮನಿಯ ಇಸಿಎಂ.

ನಾವು ‘ಜ್ಯೋತಿ’ಯನ್ನು ಕೇಳಿದ್ದು ಜರ್ಮನಿಯಿಂದ ಬಂದ ನೆಂಟರೊಬ್ಬರ ಸೂಟ್‌ಕೇಸಿನಿಂದ. ಹೊದಿಕೆಯ ಮೇಲೆ ‘ಕರ್ನಾಟಕ’ ಎಂಬ ಶಬ್ದವನ್ನು ಕಂಡು ಕೋಣೆಯಲ್ಲಿ ಒಂದು ಗಳಿಗೆ ಯಾರೂ ಮಾತಾಡಲಿಲ್ಲ. ಅದರಲ್ಲಿ ಮಹಾವಿಷ್ಣುವಿನ ಬೆಂಕಿಯಿಲ್ಲ, ಗಿಟಾರಿಲ್ಲ, ಅದು ಎಪ್ಪತ್ತರ ದಶಕದ್ದೂ ಅಲ್ಲ. ಇರುವುದು ಒಂದು ಕಂಠ, ಸ್ಯಾಕ್ಸೊಫೋನಿನ ಅಥವಾ ಕೊಳಲಿನ ಉಸಿರು, ಮೃದಂಗ, ಘಟ, ಖಂಜಿರ, ಮೋರ್ಸಿಂಗ್, ಮತ್ತು ಬಾಯಲ್ಲೇ ಸೊಲ್ಲು ಹೇಳುವ ಕೊನ್ನಕ್ಕೋಲು. ಎಂಟು ವರ್ಷ ಇಂಗ್ಲಿಷರ ಹದಿನೆಂಟನ್ನು ಬಿಡಿಸಿದ ನಮಗೆ ಈ ಸೊಲ್ಲುಗಳು ಒಮ್ಮೆಲೇ ಅರ್ಥವಾದವು. ನಾವು ಲೋಕಲ್ಲಿನ ಬಾಗಿಲಲ್ಲಿ ತಗಡು ಬಡಿಯುತ್ತಿದ್ದ ವರ್ಷಗಳಲ್ಲೇ ಬೆಂಗಳೂರಿನ ಒಂದು ಕೋಣೆಯಲ್ಲಿ ಇದರ ಅಭ್ಯಾಸ ನಡೆಯುತ್ತಿತ್ತು. ಯುರೋಪಿನ ರಸಿಕರಿಗೆ ತಿಳಿದಿತ್ತು. ನಾವು ಆಗ ಓದುತ್ತಿದ್ದ ಕನ್ನಡ ಪತ್ರಿಕೆಗಳಲ್ಲಿ ಅದರ ಬಗ್ಗೆ ಒಂದು ಸಾಲನ್ನೂ ಕಂಡ ನೆನಪಿಲ್ಲ. ಪತ್ರಿಕೆಗಳನ್ನು ದೂರಿ ಫಲವೇನು, ನಾವೂ ಬರೆಯಲಿಲ್ಲವಲ್ಲ.

ಇನ್ನೊಂದು ಎಳೆಯನ್ನೂ ಇಲ್ಲೇ ಹೇಳಬೇಕು. ಎಂಬ್ರಿಯೋ ತಂಡದ 1977ರ ‘ಅಪೊ ಕ್ಯಾಲಿಪ್ಸೊ’ ಮುದ್ರಿಕೆಯಲ್ಲಿ ಮುಂಬಯಿಯ ತಾಳವಾದಕ ತ್ರಿಲೋಕ್ ಗುರ್ಟು ನುಡಿಸಿದ್ದಾರೆ, ಅವರ ತಾಯಿ ಶೋಭಾ ಗುರ್ಟು ಹಾಡಿದ್ದಾರೆ. ಠುಮ್ರಿಯ ಆ ಮಹಾಗಾಯಕಿ ಹುಟ್ಟಿದ್ದು 1925ರಲ್ಲಿ, ನಮ್ಮ ಬೆಳಗಾವಿಯಲ್ಲಿ. ಮುಂದೆ ತ್ರಿಲೋಕ್ ಮ್ಯಾಕ್‌ಲಾಫ್ಲಿನ್ ಅವರ ಮೂವರ ತಂಡದಲ್ಲೇ ನುಡಿಸಿದರು. ಗಡಿಯ ಊರಿನ ತಾಯಿ, ಮುಂಬಯಿಯ ಮಗ, ಮ್ಯೂನಿಕ್ಕಿನ ತಂಡ, ಯಾರ್ಕ್‌ಶೈರಿನ ಗಿಟಾರು. ಇದರಲ್ಲಿ ಯಾವುದು ನಮ್ಮದು, ಯಾವುದು ಪರರದು ಎಂದು ಆ ಸಾಹಿತಿಗಳನ್ನು ತಿರುಗಿ ಕೇಳುವ ಆಸೆಯಿತ್ತು. ಅಷ್ಟು ಹೊತ್ತಿಗೆ ಅವರಿರಲಿಲ್ಲ.

ಟಿ.ಎ.ಎಸ್. ಮಣಿಯವರು 2020ರಲ್ಲಿ ತೀರಿಕೊಂಡರು. ಎಲ್ಲರೂ ಮನೆಯೊಳಗೇ ಇದ್ದ ದಿನಗಳು. ಬಳಗದವರು ಡೊಂಬಿವಲಿ, ಕಲ್ಯಾಣ, ನೆರೂಳಿನ ತಮ್ಮ ತಮ್ಮ ಮನೆಗಳಲ್ಲಿ ‘ಜ್ಯೋತಿ’ಯನ್ನು ಹಚ್ಚಿದೆವು. ಮಾಮನೂ ಮದ್ದಳೆಯ ಮಾವನೂ ಅದಕ್ಕೆ ಬಹಳ ಮೊದಲೇ ಹೋಗಿದ್ದರು. ಚಾಳು ಕೆಡವಿ ಕಟ್ಟಡ ಬಂದಿದೆ. ಆ ಕ್ಯಾಸೆಟ್ ಈಗ ಓಡುವುದಿಲ್ಲ, ಆದರೆ ಅದರ ಡಬ್ಬಿಯೊಳಗೆ ಬ್ಯಾಂಕಿನ ಹಳೆಯ ಚೀಟಿಯೊಂದು ಮಡಿಸಿಟ್ಟದ್ದು ಹಾಗೇ ಇದೆ. ಮಾಮನ ಅಚ್ಚುಕಟ್ಟಾದ ಅಕ್ಷರದಲ್ಲಿ 7, 7, 2, 2. ಅದರ ಮೇಲೆ ಪೆನ್ಸಿಲಿನ ಒಂದು ಗೀರು, ಕೆಳಗೆ ಮದ್ದಳೆಯ ಮಾವ ಬರೆದ 5, 5, 5, 3. ಅದರ ಪಕ್ಕದಲ್ಲಿ ಮಾಮ ಮತ್ತೆ ಬರೆದ 7, 7, 2, 2.